ಎಸೆಯದೇ ಉಳಿದ ಚೆಂಡಿನ ಲೆಕ್ಕ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2023-24ರ ಋತುವಿನಲ್ಲಿ ಅತಿ ಹೆಚ್ಚು ಎಸೆತಗಳನ್ನು ಬ್ಲಾಕ್ ಮಾಡಿದವರು ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ವಿಕ್ಟರ್ ವೆಂಬನ್ಯಾಮಾ. ಅದು ಅವರ ಮೊದಲ ವರ್ಷ. 71 ಪಂದ್ಯಗಳಲ್ಲಿ 254 ಬ್ಲಾಕ್, ಪಂದ್ಯಕ್ಕೆ ಸರಾಸರಿ 3.6. ಆದರೆ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಸಂದದ್ದು ಮಿನ್ನೆಸೋಟ ಟಿಂಬರ್‌ವುಲ್ವ್ಸ್ ತಂಡದ ರೂಡಿ ಗೋಬೇರ್ ಅವರಿಗೆ. ಗೋಬೇರ್ ಅವರ ಸರಾಸರಿ 2.1. ಪಂದ್ಯವೊಂದಕ್ಕೆ ಒಂದೂವರೆ ಬ್ಲಾಕ್‌ನಷ್ಟು ಹಿಂದಿದ್ದವರು ಪ್ರಶಸ್ತಿ ಪಡೆದರು, ಪಟ್ಟಿಯ ತುದಿಯಲ್ಲಿದ್ದವರು ಮತದಾನದಲ್ಲಿ ಎರಡನೆಯವರಾದರು.

ಇದು ಅನ್ಯಾಯ ಎಂದು ಆಗ ಅನೇಕರು ವಾದಿಸಿದರು. ನನಗೆ ಹಾಗೆ ಅನ್ನಿಸಲಿಲ್ಲ. ಆ ವರ್ಷ ಮಿನ್ನೆಸೋಟ ಇಡೀ ಲೀಗಿನಲ್ಲೇ ಅತ್ಯಂತ ಬಿಗಿಯಾದ ರಕ್ಷಣೆಯ ತಂಡವಾಗಿತ್ತು, ಅದರ ನಡುಗಂಬ ಗೋಬೇರ್. ಸ್ಪರ್ಸ್ 22 ಪಂದ್ಯ ಗೆದ್ದು 60 ಸೋತಿತ್ತು. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಬ್ಲಾಕ್‌ಗಳ ಪಟ್ಟಿ ಒಬ್ಬ ಆಟಗಾರ ಎಷ್ಟು ಎಸೆತಗಳನ್ನು ಕೈಯಿಂದ ತಡೆದ ಎಂದು ಹೇಳುತ್ತದೆ. ಅವನಿದ್ದಾನೆಂಬ ಒಂದೇ ಕಾರಣಕ್ಕೆ ಎಷ್ಟು ಎಸೆತಗಳು ಹುಟ್ಟಲೇ ಇಲ್ಲ ಎಂಬುದನ್ನು ಹೇಳುವುದಿಲ್ಲ. ಹೊಲದ ಬೆದರುಬೊಂಬೆಗೆ ಬೆಚ್ಚಿ ಹಾರಿದ ಹಕ್ಕಿಗಳನ್ನು ಎಣಿಸಬಹುದು, ಆ ಹೊಲದತ್ತ ಬಾರದೇ ಹೋದ ಹಕ್ಕಿಗಳನ್ನು ಎಣಿಸುವುದು ಕಷ್ಟ. ಬೆಳೆ ಉಳಿಸಿದ್ದರಲ್ಲಿ ಎರಡನೆಯದರ ಪಾಲೇ ದೊಡ್ಡದು.

ಬ್ಲಾಕ್ ಎಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ರಿಂಗ್ ಇರುವುದು ನೆಲದಿಂದ 10 ಅಡಿ ಎತ್ತರದಲ್ಲಿ. ಎದುರಾಳಿಯ ಕೈಯಿಂದ ಹೊರಟ ಚೆಂಡು ಮೇಲೇರುತ್ತಿರುವಾಗಲೇ ಅದನ್ನು ಮುಟ್ಟಿ ದಾರಿ ತಪ್ಪಿಸಬೇಕು. ಚೆಂಡು ತನ್ನ ಎತ್ತರದ ತುದಿ ದಾಟಿ ರಿಂಗ್‌ನತ್ತ ಇಳಿಯತೊಡಗಿದ ಮೇಲೆ ಮುಟ್ಟಿದರೆ ಅದು ಗೋಲ್‌ಟೆಂಡಿಂಗ್, ಎಸೆತ ಬಿದ್ದಂತೆಯೇ ಲೆಕ್ಕ. ಬೋರ್ಡ್‌ಗೆ ತಾಗಿ ರಿಂಗ್‌ನತ್ತ ಬರುತ್ತಿರುವ ಚೆಂಡಿಗೂ ಇದೇ ನಿಯಮ. ಎಸೆಯುವವನ ಕೈಗೋ ಮೈಗೋ ತಗುಲಿದರೆ ಫೌಲ್. ಆರು ಫೌಲ್ ಆದರೆ ಆ ಪಂದ್ಯದಿಂದ ಹೊರಗೆ. ಹೀಗೆ ತಡೆಯುವವನಿಗೆ ಸಿಗುವುದು ಸೆಕೆಂಡಿನ ಒಂದು ಚೂರು ಮಾತ್ರ. ಗೋಲ್‌ಟೆಂಡಿಂಗ್ ನಿಯಮ ಹುಟ್ಟಿದ್ದೇ ಇಂಥ ಎತ್ತರದ ಆಟಗಾರರಿಂದ. 1940ರ ದಶಕದಲ್ಲಿ ಅಮೆರಿಕದ ಕಾಲೇಜು ಆಟದಲ್ಲಿ ಜಾರ್ಜ್ ಮೈಕನ್ ಮತ್ತು ಬಾಬ್ ಕರ್ಲೆಂಡ್ ರಿಂಗ್‌ನ ಮುಂದೆ ನಿಂತು, ಬೀಳಲಿದ್ದ ಚೆಂಡುಗಳನ್ನು ಆಚೆ ತಳ್ಳುತ್ತಿದ್ದರು. 1944ರಲ್ಲಿ ಅದಕ್ಕೆ ನಿಷೇಧ ಬಂತು.

ಎನ್‌ಬಿಎ ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸಲು ಆರಂಭಿಸಿದ್ದು 1973-74ರಲ್ಲಿ. ಈ ಒಂದು ದಿನಾಂಕವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಸಾರ್ವಕಾಲಿಕ ಪಟ್ಟಿಯನ್ನು ಓದಬಾರದು. 13 ಋತುಗಳಲ್ಲಿ 11 ಸಲ ಲೀಗ್ ಪ್ರಶಸ್ತಿ ಗೆದ್ದ ಬಾಸ್ಟನ್‌ನ ಬಿಲ್ ರಸೆಲ್ ನಿವೃತ್ತರಾದದ್ದು 1969ರಲ್ಲಿ. ವಿಲ್ಟ್ ಚೇಂಬರ್ಲೇನ್ ಎನ್‌ಬಿಎಯಲ್ಲಿ ಕೊನೆಯದಾಗಿ ಆಡಿದ್ದು 1972-73ರಲ್ಲಿ, ಎಣಿಕೆ ಶುರುವಾಗುವ ಹಿಂದಿನ ವರ್ಷ. ಈ ಆಟದ ಇತಿಹಾಸದ ಇಬ್ಬರು ಮಹಾನ್ ತಡೆಗಾರರ ಹೆಸರಿನ ಮುಂದೆ ಇವತ್ತು ಒಂದೂ ಬ್ಲಾಕ್ ಇಲ್ಲ. ಲಾಸ್ ಏಂಜಲೀಸ್ ಲೇಕರ್ಸ್‌ನಲ್ಲಿ ಚೇಂಬರ್ಲೇನ್ ಜಾಗಕ್ಕೆ ಬಂದ ಎಲ್ಮೋರ್ ಸ್ಮಿತ್, ಎಣಿಕೆ ಆರಂಭವಾದ ತಿಂಗಳಲ್ಲೇ, 1973ರ ಅಕ್ಟೋಬರ್ 28ರಂದು ಪೋರ್ಟ್‌ಲೆಂಡ್ ವಿರುದ್ಧ 17 ಬ್ಲಾಕ್ ಮಾಡಿದರು. ಒಂದೇ ಪಂದ್ಯದ ಆ ದಾಖಲೆಯನ್ನು ಅಂದಿನಿಂದ ಯಾರೂ ಮುಟ್ಟಿಲ್ಲ.

ಪಟ್ಟಿಯ ತುದಿಯಲ್ಲಿರುವವರು ಹಕೀಮ್ ಒಲಾಜುವಾನ್. ನೈಜೀರಿಯಾದ ಲೇಗೋಸ್‌ನಲ್ಲಿ ಹುಟ್ಟಿ ಹ್ಯಾಂಡ್‌ಬಾಲ್ ಮತ್ತು ಫುಟ್‌ಬಾಲ್ ಆಡಿ ಬೆಳೆದವರು. ಅವರ ಕಾಲಿನ ಚುರುಕು ಅಲ್ಲಿಂದ ಬಂದದ್ದು. ಅವರ ಒಟ್ಟು 3,830. ಕಾಂಗೋದ ಡಿಕೆಂಬೆ ಮುಟೊಂಬೊ 3,289, ಕರೀಮ್ ಅಬ್ದುಲ್ ಜಬ್ಬಾರ್ 3,189. ಕರೀಮ್ ಅವರ ಮೊದಲ ನಾಲ್ಕು ಋತುಗಳು ಎಣಿಕೆಯ ಆಚೆ ಉಳಿದವು. ಆ ನಾಲ್ಕು ವರ್ಷಗಳಲ್ಲಿ ಅವರು ಆಡಿದ್ದು 321 ಪಂದ್ಯ. ಪಂದ್ಯಕ್ಕೆ ಎರಡೇ ಬ್ಲಾಕ್ ಎಂದು ಹಿಡಿದರೂ 642 ಸೇರುತ್ತದೆ, ಒಟ್ಟು 3,831. ಒಲಾಜುವಾನ್ ಅವರಿಗಿಂತ ಒಂದು ಹೆಚ್ಚು! ಎಣಿಕೆ ಆರಂಭವಾದ ವರ್ಷ ಕರೀಮ್ ಅವರ ಸರಾಸರಿ ಸುಮಾರು ಮೂರೂವರೆ ಇತ್ತೆಂಬುದನ್ನು ನೋಡಿದರೆ, ನಾನು ಹಿಡಿದ ಎರಡು ಬಹಳ ಜಿಪುಣ ಲೆಕ್ಕ.

ಒಂದು ಋತುವಿನ ದಾಖಲೆಯ ಕಥೆ ಇನ್ನೂ ಸ್ವಾರಸ್ಯದ್ದು. 7 ಅಡಿ 4 ಅಂಗುಲ ಎತ್ತರದ ಮಾರ್ಕ್ ಈಟನ್ ಕ್ಯಾಲಿಫೋರ್ನಿಯಾದಲ್ಲಿ ಕಾರು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಸ್ಥಳೀಯ ಕಾಲೇಜೊಂದರ ರಸಾಯನಶಾಸ್ತ್ರದ ಅಧ್ಯಾಪಕ ಹಾಗೂ ಬ್ಯಾಸ್ಕೆಟ್‌ಬಾಲ್ ಕೋಚ್ ಟಾಮ್ ಲೂಬಿನ್ ಎಂಬುವರು ಈಟನ್ ಅವರನ್ನು ಗ್ಯಾರೇಜಿನಲ್ಲಿ ಕಂಡು ಆಟಕ್ಕೆ ಎಳೆತಂದರು. ಮುಂದೆ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಹೋದ ಈಟನ್ ಅಲ್ಲಿ ಬಹುಪಾಲು ಬೆಂಚಿನ ಮೇಲೇ ಕುಳಿತರು. ಚುರುಕಿನ ಸಣ್ಣ ಆಟಗಾರರ ಹಿಂದೆ ಓಡಿ ಓಡಿ ಸೋತಿದ್ದ ಅವರನ್ನು ಒಂದು ದಿನ ಚೇಂಬರ್ಲೇನ್ ಪಕ್ಕಕ್ಕೆ ಕರೆದು, ಅವರನ್ನು ಅಟ್ಟಿಸಿಕೊಂಡು ಹೋಗುವುದು ನಿನ್ನ ಕೆಲಸವಲ್ಲ, ರಿಂಗ್‌ನ ಹತ್ತಿರ ನಿಂತು ಅದನ್ನು ಕಾಯಿ ಎಂದು ಬುದ್ಧಿ ಹೇಳಿದರು. ಈಟನ್ ಈ ಪ್ರಸಂಗವನ್ನು ಜೀವನದುದ್ದಕ್ಕೂ ಹೇಳಿಕೊಂಡು ಬಂದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1982ರ ನಾಲ್ಕನೆಯ ಸುತ್ತಿನಲ್ಲಿ ಯೂಟಾ ಜಾಜ್ ಅವರನ್ನು ಆರಿಸಿಕೊಂಡಿತು. 1984-85ರಲ್ಲಿ ಅವರು 456 ಬ್ಲಾಕ್ ಮಾಡಿದರು, ಪಂದ್ಯಕ್ಕೆ 5.56. ಮರುವರ್ಷ 7 ಅಡಿ 7 ಅಂಗುಲದ ಸುಡಾನಿನ ಮನುಟೆ ಬೋಲ್ ತಮ್ಮ ಮೊದಲ ಋತುವಿನಲ್ಲೇ 397 ಮಾಡಿದರು. ಬೋಲ್ ಅವರ ಇಡೀ ವೃತ್ತಿಜೀವನದಲ್ಲಿ ಬ್ಲಾಕ್‌ಗಳು 2,086, ಗಳಿಸಿದ ಅಂಕಗಳು 1,599. ಅಂಕಕ್ಕಿಂತ ಹೆಚ್ಚು ತಡೆಯೇ ಇರುವ ಇನ್ನೊಬ್ಬ ಹೆಸರಾಂತ ಆಟಗಾರನನ್ನು ನಾನು ಕಂಡಿಲ್ಲ.

ಈಟನ್ ಅವರ 456 ಇನ್ನು ಮುರಿಯುವುದಿಲ್ಲ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಪಂದ್ಯಕ್ಕೆ 4ಕ್ಕಿಂತ ಹೆಚ್ಚು ಸರಾಸರಿಯೊಂದಿಗೆ ಋತು ಮುಗಿಸಿ ಅಗ್ರಸ್ಥಾನ ಪಡೆದ ಕೊನೆಯವರು ಮುಟೊಂಬೊ, ಅದೂ 1995-96ರಲ್ಲಿ, 4.49. ಆಮೇಲೆ ಬಂದವರು ಎತ್ತರದಲ್ಲಾಗಲಿ ನೆಗೆತದಲ್ಲಾಗಲಿ ಕಡಿಮೆಯವರಲ್ಲ. ಬದಲಾದದ್ದು ಆಟ.

ಈಟನ್ ಕಾಲದಲ್ಲಿ ಎದುರಾಳಿಯ ಸೆಂಟರ್ (ಸಾಮಾನ್ಯವಾಗಿ ತಂಡದ ಅತಿ ಎತ್ತರದ ಆಟಗಾರ) ಕೂಡ ರಿಂಗ್‌ನ ಹತ್ತಿರವೇ ನಿಲ್ಲುತ್ತಿದ್ದ. ಅವನನ್ನು ಕಾಯಬೇಕಾದ ಈಟನ್ ಸಹಜವಾಗಿಯೇ ಅಲ್ಲೇ ಇರುತ್ತಿದ್ದರು, ಹಾದುಹೋಗುವವರ ಎಸೆತಗಳಿಗೂ ಕೈ ಚಾಚುತ್ತಿದ್ದರು. 1984-85ರಲ್ಲಿ ಒಂದು ತಂಡ ಪಂದ್ಯಕ್ಕೆ ಪ್ರಯತ್ನಿಸುತ್ತಿದ್ದ ಮೂರಂಕದ ಎಸೆತಗಳು (ದೂರದ ಗೆರೆಯ ಆಚೆಯಿಂದ ಹಾಕಿದರೆ ಎರಡರ ಬದಲು ಮೂರು ಅಂಕ) ಸುಮಾರು 3. 2024-25ರಲ್ಲಿ ಅದು 37ಕ್ಕೂ ಮೇಲೆ. ಇವತ್ತು 7 ಅಡಿಯ ಸೆಂಟರ್ ಕೂಡ ಮೂರಂಕದ ಗೆರೆಯ ಆಚೆ ನಿಂತು ಎಸೆಯುತ್ತಾನೆ. ಅವನನ್ನು ಕಾಯಲು ಹೊರಗೆ ಬಂದರೆ ರಿಂಗ್ ಬರಿದು, ರಿಂಗ್ ಕಾಯುತ್ತ ನಿಂತರೆ ಅವನನ್ನು ತಡೆಯುವವರಿಲ್ಲ. ಇದರ ಮೇಲೆ 2001-02ರಲ್ಲಿ ರಕ್ಷಣಾ ಮೂರು ಸೆಕೆಂಡ್ ನಿಯಮ ಬಂತು. ಕೈಯಳತೆಯಲ್ಲಿ ಎದುರಾಳಿ ಇಲ್ಲದಿದ್ದರೆ ರಿಂಗ್‌ನ ಮುಂದಿನ ಆಯತದೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ನಿಂತರೆ ಎದುರು ತಂಡಕ್ಕೆ ಒಂದು ಫ್ರೀ ಥ್ರೋ, ಚೆಂಡೂ ಅವರದೇ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಎಂಬಂತೆ ಸೆಂಟರ್‌ಗಳು ಸದಾ ಸರಿದಾಡುತ್ತಿರುವುದು ಈ ಕಾರಣಕ್ಕೆ.

ಈ ಬದಲಾವಣೆಗೆ ಬಲಿಯಾದವರಲ್ಲಿ ನನಗೆ ಹೆಚ್ಚು ಸಂಕಟವಾಗುವುದು ಇಂಡಿಯಾನಾ ಪೇಸರ್ಸ್‌ನ ರಾಯ್ ಹಿಬ್ಬರ್ಟ್ ಬಗ್ಗೆ. ಕೈಗಳನ್ನು ನೇರ ಮೇಲಕ್ಕೆತ್ತಿ, ನಿಂತ ಜಾಗದಿಂದಲೇ ನೇರ ಮೇಲೆ ನೆಗೆದರೆ ಮೈ ತಗುಲಿದರೂ ತಡೆಯುವವನ ಫೌಲ್ ಅಲ್ಲ ಎಂಬ ನಿಯಮವನ್ನು ಅವರು ಒಂದು ಕಲೆಯನ್ನಾಗಿ ಮಾಡಿದ್ದರು. 2013ರ ಪ್ಲೇಆಫ್‌ನಲ್ಲಿ (ಋತುವಿನ ಕೊನೆಯ ನಾಕೌಟ್ ಹಂತ) ನ್ಯೂಯಾರ್ಕ್ ನಿಕ್ಸ್‌ನ ಕಾರ್ಮೆಲೊ ಆಂಥನಿ ಡಂಕ್ ಮಾಡಲು ಏರಿದಾಗ ಹಿಬ್ಬರ್ಟ್ ಅದನ್ನು ರಿಂಗ್‌ನ ಬಾಯಲ್ಲೇ ತಡೆದದ್ದನ್ನು ನೋಡಿದವರು ಮರೆಯಲಾರರು. ಮರುವರ್ಷ ಮೊದಲ ಸುತ್ತಿನಲ್ಲೇ ಅಟ್ಲಾಂಟಾ ಹಾಕ್ಸ್ ತಂಡ ದೂರದಿಂದ ಎಸೆಯಬಲ್ಲ ಎತ್ತರದ ಆಟಗಾರರನ್ನು ಇಳಿಸಿ ಅವರನ್ನು ರಿಂಗ್‌ನಿಂದ ಆಚೆ ಸೆಳೆಯಿತು. 2016-17ರ ನಂತರ ಅವರು ಲೀಗಿನಲ್ಲೇ ಇರಲಿಲ್ಲ. ಬ್ರೂಕ್ ಲೋಪೆಜ್ ಬೇರೆ ದಾರಿ ಹಿಡಿದರು. ತಾವೇ ಮೂರಂಕದ ಎಸೆತ ಕಲಿತರು, ರಕ್ಷಣೆಯಲ್ಲಿ ಮಿಲ್ವಾಕಿ ತಂಡ ಅವರನ್ನು ಗೆರೆಯತ್ತ ಅಟ್ಟದೆ ರಿಂಗ್‌ನ ಬಳಿಗೇ ಹಿಂದೆ ಸರಿಸಿ ನಿಲ್ಲಿಸಿತು. 2022-23ರಲ್ಲಿ, ವಯಸ್ಸು ಮೂವತ್ತನಾಲ್ಕು ದಾಟಿದ ಮೇಲೆ, ಅವರು ರಕ್ಷಣಾ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವರಾದರು.

ಇನ್ನು ಬ್ಲಾಕ್‌ನ ಬೆಲೆ. ಎಲ್ಲ ಬ್ಲಾಕ್‌ಗಳೂ ಒಂದೇ ಅಲ್ಲ ಎಂಬುದು ಆಡಿದವರಿಗೆಲ್ಲ ಗೊತ್ತು, ಪಟ್ಟಿಗೆ ಮಾತ್ರ ಗೊತ್ತಿಲ್ಲ. ಚೆಂಡನ್ನು ಪ್ರೇಕ್ಷಕರ ಮೂರನೆಯ ಸಾಲಿಗೆ ಬಾರಿಸಿದರೆ ಕ್ರೀಡಾಂಗಣ ಎದ್ದು ಕುಣಿಯುತ್ತದೆ. ಆದರೆ ಚೆಂಡು ಹೊರಗೆ ಹೋದದ್ದರಿಂದ ಮತ್ತೆ ಎದುರಾಳಿಗೇ ಸಿಗುತ್ತದೆ, ಅವರು ಇನ್ನೊಮ್ಮೆ ಪ್ರಯತ್ನಿಸುತ್ತಾರೆ. ಅದೇ ಚೆಂಡನ್ನು ಬೆರಳ ತುದಿಯಿಂದ ಮೆಲ್ಲನೆ ತನ್ನ ತಂಡದವನತ್ತ ತಟ್ಟಿದರೆ ಎದುರಾಳಿಯ ಎರಡು ಅಂಕ ತಪ್ಪಿತು, ತಮ್ಮ ಕಡೆಯವರು ಆಚೆ ತುದಿಗೆ ಓಡಲೂ ಶುರುಮಾಡಿದರು. ರಸೆಲ್ ಅವರ ದೊಡ್ಡಸ್ತಿಕೆ ಇಲ್ಲಿತ್ತು. ಅವರ ಬ್ಲಾಕ್ ಬಾಸ್ಟನ್‌ನ ಮುಂದಿನ ದಾಳಿಯ ಮೊದಲ ಪಾಸ್ ಆಗಿರುತ್ತಿತ್ತು. ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ಹಿಡಿಯಲು ಜಾನ್ ಹೈಜಿಂಗಾ ಮತ್ತು ಸ್ಯಾಂಡಿ ವೈಲ್ ಪ್ರಯತ್ನಿಸಿದರು. 2010ರಲ್ಲಿ ಕ್ರೀಡಾ ಅಂಕಿ-ಅಂಶಗಳ ಎಂಐಟಿ ಸ್ಲೋನ್ ಸಮ್ಮೇಳನದಲ್ಲಿ ಅವರು ಮಂಡಿಸಿದ ಅಧ್ಯಯನದ ಪ್ರಕಾರ, ಸಂಖ್ಯೆಯಲ್ಲಿ ಬಹಳ ಮುಂದಿದ್ದ ಡ್ವೈಟ್ ಹೊವಾರ್ಡ್ ಅವರ ಬ್ಲಾಕ್‌ಗಳಿಗಿಂತ ಟಿಮ್ ಡಂಕನ್ ಅವರ ಬ್ಲಾಕ್‌ಗಳು ಒಂದೊಂದೂ ತಂಡಕ್ಕೆ ಹೆಚ್ಚು ಲಾಭ ತಂದಿದ್ದವು. ಡಂಕನ್ ಅವರದು ಸದ್ದಿಲ್ಲದ ತಡೆ. 3,020 ಬ್ಲಾಕ್‌ಗಳೊಂದಿಗೆ ಸಾರ್ವಕಾಲಿಕ ಪಟ್ಟಿಯ ಐದನೆಯ ಸ್ಥಾನದಲ್ಲಿದ್ದರೂ, ಅವರ ಹೆಸರು ಕೇಳಿದೊಡನೆ ಯಾರಿಗೂ ಬ್ಲಾಕ್ ನೆನಪಾಗುವುದಿಲ್ಲ.

ಎಣಿಸುವವರು ಯಾರು ಎಂಬ ಪ್ರಶ್ನೆಯೂ ಇದೆ. ಪ್ರತಿ ಕ್ರೀಡಾಂಗಣದಲ್ಲಿ ಅಂಕಿ ಬರೆದುಕೊಳ್ಳುವವರು ಆತಿಥೇಯ ತಂಡದ ಊರಿನವರು. 2023ರ ಜನವರಿಯಲ್ಲಿ, ಮೆಂಫಿಸ್ ಗ್ರಿಜ್ಲೀಸ್‌ನ ಜೇರನ್ ಜಾಕ್ಸನ್ ಜೂನಿಯರ್ ತವರಿನಲ್ಲಿ ಮಾಡುವ ಬ್ಲಾಕ್‌ಗಳು ಹೊರಗಿನ ಪಂದ್ಯಗಳಿಗಿಂತ ಅನುಮಾನ ಬರುವಷ್ಟು ಹೆಚ್ಚು ಎಂಬ ಆರೋಪ ಅಂತರ್ಜಾಲದಲ್ಲಿ ಕಾಡುಕಿಚ್ಚಿನಂತೆ ಹಬ್ಬಿತು. ಸ್ಥಳದಲ್ಲಿ ಬರೆಯುವವರ ಹೊರತಾಗಿ ಬೇರೆ ಪರಿಶೀಲಕರು ಪಂದ್ಯ ನಡೆಯುತ್ತಿರುವಾಗಲೇ ಪ್ರತಿ ನಮೂದನ್ನೂ ನೋಡುತ್ತಾರೆ, ಪ್ರಶ್ನೆಗೊಳಗಾದ ಎಲ್ಲವೂ ಕೈಪಿಡಿಯ ಪ್ರಕಾರವೇ ಇವೆ ಎಂದು ಲೀಗ್ ಉತ್ತರಿಸಿತು. ಪತ್ರಕರ್ತರು ವಿಡಿಯೊ ನೋಡಿದಾಗಲೂ ಆರೋಪಕ್ಕೆ ಹುರುಳಿಲ್ಲವೆಂದೇ ಕಂಡಿತು. ಜಾಕ್ಸನ್ ಆ ವರ್ಷ ಪಂದ್ಯಕ್ಕೆ 3 ಬ್ಲಾಕ್‌ನೊಂದಿಗೆ ಅಗ್ರಸ್ಥಾನವನ್ನೂ ರಕ್ಷಣಾ ಪ್ರಶಸ್ತಿಯನ್ನೂ ಪಡೆದರು. ಸುಳ್ಳು ಆರೋಪವೊಂದಕ್ಕೆ ಅಷ್ಟು ಜನ ಕಿವಿಗೊಟ್ಟದ್ದು ಯಾಕೆಂದರೆ, ಬೆರಳು ಚೆಂಡಿಗೆ ತಾಗಿತೋ ಇಲ್ಲವೋ ಎಂಬ ತೀರ್ಮಾನ ನಿಜಕ್ಕೂ ಅಷ್ಟು ಸೂಕ್ಷ್ಮವಾದದ್ದು.

ಹಾಗಾದರೆ ಎಸೆಯದೇ ಉಳಿದ ಚೆಂಡನ್ನು ಎಣಿಸುವುದು ಹೇಗೆ? 2013-14ರಿಂದ ಎಲ್ಲ ಎನ್‌ಬಿಎ ಅಂಗಳಗಳ ಮಾಳಿಗೆಯಲ್ಲಿ ಆಟಗಾರರ ಮತ್ತು ಚೆಂಡಿನ ಚಲನೆಯನ್ನು ಹಿಂಬಾಲಿಸುವ ಕ್ಯಾಮೆರಾಗಳು ಬಂದವು. ಅದಕ್ಕೂ ಸ್ವಲ್ಪ ಮೊದಲು, ಕೆಲವೇ ಅಂಗಳಗಳಲ್ಲಿ ಈ ಕ್ಯಾಮೆರಾಗಳಿದ್ದಾಗ, ಕರ್ಕ್ ಗೋಲ್ಡ್ಸ್‌ಬೆರಿ ಮತ್ತು ಎರಿಕ್ ವೈಸ್ ಒಂದು ಸರಳ ಪ್ರಶ್ನೆ ಕೇಳಿದ್ದರು: ಇಂಥ ಸೆಂಟರ್ ರಿಂಗ್‌ನ ಹತ್ತಿರ ನಿಂತಾಗ ಎದುರಾಳಿ ಎಷ್ಟು ಸಲ ಎಸೆಯುತ್ತಾನೆ, ಎಸೆದರೆ ಎಷ್ಟು ಸಲ ಬೀಳುತ್ತದೆ? ಉತ್ತರ ಎರಡು ಬಗೆಯ ರಕ್ಷಕರನ್ನು ತೋರಿಸಿತು. ಲ್ಯಾರಿ ಸ್ಯಾಂಡರ್ಸ್ ಮತ್ತು ಹಿಬ್ಬರ್ಟ್ ಅಂಥವರ ಎದುರು ಎಸೆತಗಳು ಬೀಳುವುದು ಕಡಿಮೆ. ಹೊವಾರ್ಡ್ ಇದ್ದಲ್ಲಿ ಎಸೆಯುವುದೇ ಕಡಿಮೆ. ಎದುರಾಳಿಗಳು ರಿಂಗ್ ಬಿಟ್ಟು ಮಧ್ಯ ದೂರದಿಂದ, ಲಾಭವಿಲ್ಲದ ಜಾಗಗಳಿಂದ ಎಸೆಯುತ್ತಿದ್ದರು. ಬ್ಲಾಕ್‌ನ ಬೆಲೆಯಲ್ಲಿ ಡಂಕನ್ ಅವರಿಗಿಂತ ಹಿಂದೆ ಬಿದ್ದಿದ್ದ ಹೊವಾರ್ಡ್ ಈ ಇನ್ನೊಂದು ಲೆಕ್ಕದಲ್ಲಿ ಮೇಲೆ ಬಂದದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿತು. ಕ್ರಿಕೆಟ್ ನೋಡುವವರಿಗೆ ಇದು ಹೊಸದಲ್ಲ. ಪಾಯಿಂಟ್‌ನಲ್ಲಿ ಜಾಂಟಿ ರೋಡ್ಸ್ ನಿಂತಿದ್ದಾಗ ಬ್ಯಾಟರ್‌ಗಳು ಓಡದೇ ಬಿಟ್ಟ ಒಂಟಿ ರನ್‌ಗಳು ಯಾವ ಸ್ಕೋರ್‌ಕಾರ್ಡಿನಲ್ಲೂ ಇಲ್ಲ.

ಇದರ ಇನ್ನೊಂದು ಮುಖವೂ ಇದೆ. ಪಟ್ಟಿಯ ತುದಿಗೇರಿಯೂ ಮನ್ನಣೆ ಸಿಗದವರು. ಮೈಲ್ಸ್ ಟರ್ನರ್ ಪೇಸರ್ಸ್ ಪರವಾಗಿ 2018-19 ಮತ್ತು 2020-21ರಲ್ಲಿ ಎರಡು ಸಲ ಬ್ಲಾಕ್‌ನಲ್ಲಿ ಲೀಗಿಗೇ ಮೊದಲಿಗರಾದರು. ಆ ಎರಡೂ ವರ್ಷ, ಋತುವಿನ ಅತ್ಯುತ್ತಮ ರಕ್ಷಕರನ್ನು ಆರಿಸಿ ಲೀಗ್ ಪ್ರಕಟಿಸುವ ರಕ್ಷಣಾ ತಂಡಗಳಲ್ಲಿ ಅವರ ಹೆಸರಿರಲಿಲ್ಲ. ಇದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಬರೀ ಸಂಖ್ಯೆಗೆ ಮರುಳಾಗಬಾರದು ಎಂಬ ಎಚ್ಚರ ಸಂಖ್ಯೆಯನ್ನೇ ಕಡೆಗಣಿಸುವ ಮಟ್ಟಕ್ಕೆ ಹೋಗಬಾರದು. 2019ರ ಅಕ್ಟೋಬರ್‌ನಲ್ಲಿ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಮುಂಬೈಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಎರಡು ಪಂದ್ಯ ಆಡಿದವು, ಭಾರತದಲ್ಲಿ ನಡೆದ ಮೊದಲ ಎನ್‌ಬಿಎ ಪಂದ್ಯಗಳು ಅವು. ಹಿಂದಿನ ಋತುವಿನ ಬ್ಲಾಕ್ ಅಗ್ರಗಣ್ಯನ ತಂಡ ನಮ್ಮ ನೆಲದಲ್ಲೇ ಆಡಿತ್ತೆಂದು ಇಲ್ಲಿ ಎಷ್ಟು ಜನರಿಗೆ ನೆನಪಿದೆಯೋ.

ಮತ್ತೆ ವೆಂಬನ್ಯಾಮಾ ಅವರತ್ತ ಬರೋಣ. ಎರಡೂ ಲೆಕ್ಕಗಳಲ್ಲಿ ಒಟ್ಟಿಗೆ ಮೇಲಿರುವವರು ಅವರೆಂಬುದೇ ಅವರ ವಿಶೇಷ. ಚಾಚಿದ ಕೈಗಳ ಅಳತೆ ಸುಮಾರು 8 ಅಡಿ. ಮೂರಂಕದ ಎಸೆತಗಳ ಈ ಕಾಲದಲ್ಲಿ ಈಟನ್ ಮಾದರಿಯ ಸೆಂಟರ್ ಎದುರಿಸುವ ಇಕ್ಕಟ್ಟು ಅವರನ್ನು ಅಷ್ಟಾಗಿ ಕಾಡುವುದಿಲ್ಲ, ಏಕೆಂದರೆ ರಿಂಗ್‌ನ ಹತ್ತಿರ ನಿಂತಿದ್ದವರು ಎರಡು ಹೆಜ್ಜೆಯಲ್ಲಿ ಗೆರೆಯತ್ತ ಬಂದು ದೂರದ ಎಸೆತವನ್ನೂ ತಡೆಯಬಲ್ಲರು. 2024ರ ಫೆಬ್ರವರಿಯಲ್ಲಿ ಟೊರಾಂಟೊ ವಿರುದ್ಧ 27 ಅಂಕ, 14 ರಿಬೌಂಡ್, 10 ಬ್ಲಾಕ್. ಅದೇ ತಿಂಗಳು ಲೇಕರ್ಸ್ ವಿರುದ್ಧ ಐದೂ ವಿಭಾಗಗಳಲ್ಲಿ (ಅಂಕ, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್) ಐದಕ್ಕೆ ಕಡಿಮೆಯಿಲ್ಲದ ಆಟ. ನಮ್ಮಲ್ಲಿ ಈ ಪಂದ್ಯಗಳು ಬರುವುದು ಬೆಳಗಿನ ಜಾವ. ನಾನು ಕಾಫಿ ಲೋಟ ಹಿಡಿದು ನೋಡುವಾಗ ಚೆಂಡನ್ನು ಬಿಟ್ಟು ಅವರನ್ನೇ ನೋಡುತ್ತಿರುತ್ತೇನೆ. ಚೆಂಡು ಹಿಡಿದು ಒಳನುಗ್ಗಿದ ಗಾರ್ಡ್ ಒಬ್ಬ ರಿಂಗ್ ಬಳಿಯ ಲೇಅಪ್ ಎಸೆತಕ್ಕೆ ಕಾಲೆತ್ತುವ ಮುನ್ನ ಒಮ್ಮೆ ತಲೆಯೆತ್ತಿ ನೋಡಿ, ಡ್ರಿಬಲ್ ಮಾಡುತ್ತಲೇ ಮೂಲೆಗೆ ಹೊರಟುಬಿಡುತ್ತಾನೆ. ಒಂದೇ ಪಂದ್ಯದಲ್ಲಿ ಇದು ಎಷ್ಟೋ ಸಲ ನಡೆಯುತ್ತದೆ.

2024-25ರಲ್ಲಿ ಅವರ ಸರಾಸರಿ 3.8ಕ್ಕೆ ಏರಿತು, ಅಲೋಂಜೊ ಮೋರ್ನಿಂಗ್ 1998-99ರಲ್ಲಿ ಮಾಡಿದ 3.91ರ ನಂತರದ ಅತಿ ಹೆಚ್ಚಿನ ಅಗ್ರ ಸರಾಸರಿ. ಆದರೆ ಫೆಬ್ರವರಿಯಲ್ಲಿ ಬಲಭುಜದಲ್ಲಿ ರಕ್ತ ಹೆಪ್ಪುಗಟ್ಟಿ ಋತು ಅಲ್ಲಿಗೇ ನಿಂತಿತು. ಆಡಿದ್ದು 46 ಪಂದ್ಯ, ಮಾಡಿದ್ದು 176 ಬ್ಲಾಕ್. ಇಲ್ಲಿ ಲೀಗಿನ ಎರಡು ನಿಯಮಗಳು ಎರಡು ದಿಕ್ಕಿಗೆ ಎಳೆದವು. ಬ್ಲಾಕ್ ಪಟ್ಟಿಯ ಅಗ್ರಸ್ಥಾನಕ್ಕೆ 70 ಪಂದ್ಯ ಆಡಿರಬೇಕು ಅಥವಾ 100 ಬ್ಲಾಕ್ ಮಾಡಿರಬೇಕು. ಹಾಗಾಗಿ ಅಗ್ರಸ್ಥಾನ ಅವರದಾಯಿತು. ಪ್ರಶಸ್ತಿಗೆ ಮಾತ್ರ 65 ಪಂದ್ಯಗಳ ಕಡ್ಡಾಯವಿದೆ, 2023-24ರಿಂದ ಜಾರಿಗೆ ಬಂದದ್ದು. ಹಾಗಾಗಿ ರಕ್ಷಣಾ ಪ್ರಶಸ್ತಿಯ ಪರಿಗಣನೆಗೇ ಅವರು ಬರಲಿಲ್ಲ, ಅದು ಕ್ಲೀವ್‌ಲೆಂಡ್‌ನ ಇವಾನ್ ಮೋಬ್ಲಿ ಅವರಿಗೆ ಹೋಯಿತು. ಜಾಕ್ಸನ್ ಪ್ರಶಸ್ತಿ ಗೆದ್ದ ವರ್ಷ ಆಡಿದ್ದು 63 ಪಂದ್ಯ. ಒಂದೇ ವರ್ಷ ತಡವಾಗಿದ್ದರೆ ಆ ಪ್ರಶಸ್ತಿ ಅವರಿಗೆ ಸಿಗುತ್ತಿರಲಿಲ್ಲ.

ತಾರೆಯರು ಸುಮ್ಮನೆ ವಿಶ್ರಾಂತಿ ತೆಗೆದುಕೊಂಡು ಪ್ರೇಕ್ಷಕರಿಗೆ ಮೋಸವಾಗಬಾರದು ಎಂಬ 65ರ ನಿಯಮದ ಉದ್ದೇಶವನ್ನು ನಾನು ಒಪ್ಪುತ್ತೇನೆ. ಪೂರ್ತಿ ಹಣ ಕೊಟ್ಟು ಟಿಕೆಟ್ ಕೊಂಡವರಿಗೆ ಆ ಹಕ್ಕಿದೆ. ಆದರೆ ರಿಂಗ್ ಕಾಯುವವರ ದೇಹಕ್ಕೆ ಬೀಳುವ ಪೆಟ್ಟು ಬೇರೆಯವರದರಂತಲ್ಲ. ಅವರು ಪ್ರತಿ ದಾಳಿಗೂ ನೆಗೆಯಬೇಕು, ನೆಗೆದು ಇನ್ನೊಬ್ಬರ ಕಾಲಿನ ಮೇಲೆ ಇಳಿಯಬೇಕು, ಹುಸಿನೆಗೆತಕ್ಕೆ ಮೋಸಹೋದರೆ ಗಾಳಿಯಲ್ಲಿ ಮೈ ತಿರುಚಬೇಕು. ಬೇಸರಕ್ಕೆ ಆಡದೇ ಕೂತವನನ್ನೂ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮ ತಿದ್ದುಪಡಿ ಬೇಡುತ್ತದೆ. ವೈದ್ಯರು ದೃಢೀಕರಿಸಿದ ಗಂಭೀರ ಕಾಯಿಲೆಗಳಿಗೆ ವಿನಾಯಿತಿ ಕೊಟ್ಟು, ನಿರ್ಧಾರವನ್ನು ಮತ ಹಾಕುವವರ ವಿವೇಕಕ್ಕೆ ಬಿಡುವುದು ಸರಿ.

ನಮ್ಮ ಅಂಕಣಗಳಿಗೂ ಇದರಿಂದ ಕಲಿಯುವುದಿದೆ. ಬೆಂಗಳೂರು, ಮೈಸೂರು, ಮಂಡ್ಯಗಳ ಸಿಮೆಂಟ್ ಅಂಕಣಗಳಲ್ಲಿ ಎತ್ತರದ ಹುಡುಗ ಅಥವಾ ಹುಡುಗಿ ಕಂಡರೆ ರಿಂಗ್‌ನ ಕೆಳಗೆ ನಿಲ್ಲಿಸುತ್ತೇವೆ, ಚೆಂಡನ್ನು ಬೇಲಿಯಾಚೆ ಬಾರಿಸಿದರೆ ಚಪ್ಪಾಳೆ ಹೊಡೆಯುತ್ತೇವೆ. ನಾನು ಕಾಲೇಜಿನಲ್ಲಿ ಆಡುತ್ತಿದ್ದಾಗಲೂ ಹಾಗೆಯೇ ಇತ್ತು. ಯಾವಾಗ ನೆಗೆಯಬಾರದು ಎಂಬುದನ್ನು, ತಟ್ಟಿದ ಚೆಂಡು ಯಾರ ಕೈಗೆ ಹೋಗಬೇಕು ಎಂಬುದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಇವತ್ತಿನ ಕೋಚ್‌ಗಳು ಸ್ಕೋರ್ ಹಾಳೆಯ ಅಂಚಿನಲ್ಲಿ ಒಂದು ಗೆರೆ ಎಳೆದು, ಬ್ಲಾಕ್ ಆದ ಪ್ರತಿ ಚೆಂಡು ಕೊನೆಗೆ ಯಾರಿಗೆ ಸಿಕ್ಕಿತು ಎಂದು ಬರೆದುಕೊಂಡರೆ ಸಾಕು, ಅದಕ್ಕೆ ಕ್ಯಾಮೆರಾ ಬೇಕಿಲ್ಲ.

ಒಲಾಜುವಾನ್ ಅವರ 3,830 ಮುರಿಯುತ್ತದೆಯೇ ಎಂಬ ಪ್ರಶ್ನೆಯನ್ನು ಈಗ ಎಲ್ಲರೂ ವೆಂಬನ್ಯಾಮಾ ಹೆಸರಿನೊಂದಿಗೇ ಕೇಳುತ್ತಾರೆ. ಮೊದಲ ಎರಡು ಋತುಗಳ 117 ಪಂದ್ಯಗಳಲ್ಲಿ ಅವರ ಬ್ಲಾಕ್ 430. ಇದೇ ಗತಿಯಲ್ಲಿ ಹೋದರೆ ಒಟ್ಟು ಸುಮಾರು 1,040 ಪಂದ್ಯ ಬೇಕು, ವರ್ಷಕ್ಕೆ 70ರಂತೆ ಹದಿನೈದು ಋತು. ದೇಹ ಅಷ್ಟು ಕಾಲ ಜೊತೆಗೊಟ್ಟರೂ ಗತಿ ಇದೇ ಇರುತ್ತದೆಂಬ ಖಾತ್ರಿಯಿಲ್ಲ. ಮೂಲೆಗೆ ಹೊರಟುಹೋಗುವ ಆ ಗಾರ್ಡ್‌ನ ಹಾಗೆ ಎಲ್ಲ ತಂಡಗಳೂ ಅವರ ಹತ್ತಿರ ಎಸೆಯುವುದನ್ನೇ ನಿಲ್ಲಿಸಿದರೆ, ಅವರು ಇನ್ನಷ್ಟು ಒಳ್ಳೆಯ ರಕ್ಷಕರಾದಂತೆಲ್ಲ ಆ ದಾಖಲೆ ಅವರಿಂದ ಇನ್ನಷ್ಟು ದೂರ ಹೋಗುತ್ತದೆ.